ಪಾಸ್ಟರ ಪುಸ್ತಕದೊಳಗೆ ನನ್ನ ಗೊಣಗಾಟ

ಈಗ ನಮ್ಮ ಮನೆಗೆ ಫೋನ್ ಮಾಡಿದರೆ ನೀವು ನನ್ನನ್ನು "ಸರ್" ಅನ್ನುತ್ತೀರಿ. ಬೇಜಾರಿಲ್ಲ, ಎಲ್ಲರೂ ಹಾಗೇ ಅನ್ನುತ್ತಾರೆ. ಕೊರಿಯರ್‌ನವರು ಅನ್ನುತ್ತಾರೆ, ಗ್ಯಾಸಿನವರು ಅನ್ನುತ್ತಾರೆ. ಮೊನ್ನೆ ಬ್ಯಾಂಕಿನ ಹುಡುಗಿಯೊಬ್ಬಳು "ಸರ್, ಮೇಡಂಗೆ ಸ್ವಲ್ಪ ಫೋನ್ ಕೊಡ್ತೀರಾ?" ಅಂದಳು. "ಕೊಟ್ಟೆ, ಮಾತಾಡಿ" ಅಂತ ಅದೇ ದನಿಯಲ್ಲಿ ಮುಂದುವರಿಸಿದೆ. ಪಾಪ, ಲೈನ್ ಕಟ್ ಮಾಡಿದಳು. ಒಂದು ಕಾಲಕ್ಕೆ ಈ ಗಂಟಲಿನಿಂದ ಯಾವ ದನಿಯೂ ಹೊರಡುತ್ತಿರಲಿಲ್ಲ. ಹಾಗಾಗಿ ಸರ್ ಆದರೂ ಸರಿ, ಮೇಡಂ ಆದರೂ ಸರಿ, ನನಗೆ ಹಬ್ಬವೇ.

ಕತ್ತಿನಲ್ಲಿ ಗಂಟು ಅಂತ ಗೊತ್ತಾಗಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಅಕ್ಕಪಕ್ಕದವರ ಮುಖ ನೋಡಲು ಹೆದರಿ ಮೊಬೈಲನ್ನೇ ನೋಡುತ್ತಿರುವವರು ಯಾರಾದರೂ ಇದ್ದರೆ, ಇದು ಅವರಿಗಾಗಿ. ಕಾಯಿಲೆಯ ವಿವರವನ್ನೆಲ್ಲ ಡಾಕ್ಟರ್ ಹೇಳುತ್ತಾರೆ. ಮಿಕ್ಕಿದ್ದನ್ನು ನಾನು ಹೇಳುತ್ತೇನೆ.

ನನ್ನ ಹೆಸರು ಗಿರಿಜಾ. ಮನೆ ಬಸವನಗುಡಿ. ಚಾಮರಾಜಪೇಟೆಯ ಒಂದು ಹಳೇ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವುದು ಕೆಲಸ. ಈಗೆಲ್ಲ ಒಬ್ಬರೇ ಕಂಪ್ಯೂಟರ್ ಮುಂದೆ ಕೂತು ಮುಗಿಸುತ್ತಾರೆ. ನಮ್ಮಲ್ಲಿ ಇನ್ನೂ ಇಬ್ಬರು ಬೇಕು. ಒಬ್ಬರು ಲೇಖಕರು ಬರೆದುಕೊಟ್ಟ ಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ತಿದ್ದಬೇಕು. ಓದುವವರು ಪದಗಳನ್ನಷ್ಟೇ ಓದಿದರೆ ಸಾಲದು. ಅಲ್ಪವಿರಾಮ ಬಂದರೆ "ಕಾಮಾ", ಪೂರ್ಣವಿರಾಮ ಬಂದರೆ "ಸ್ಟಾಪ್", ಪ್ರಶ್ನೆಯ ಗುರುತು ಬಂದರೆ "ಪ್ರಶ್ನೆ" ಅಂತ ಅದೇ ಉಸಿರಿನಲ್ಲಿ ಹೇಳಬೇಕು. ಓದುವವಳು ನಾನು, ತಿದ್ದುವವಳು ವನಜಾ. ಮಷೀನಿನ ಸದ್ದನ್ನು ಮೀರಿ ನನ್ನ ದನಿ ಅವಳಿಗೆ ಕೇಳಬೇಕಿತ್ತು, ಕೇಳುತ್ತಿತ್ತು. ಮನೆಯಲ್ಲೂ ಅದು ಉಪಯೋಗಕ್ಕೆ ಬಂತು. ನಮ್ಮ ಮನೆಯವರಿಗೆ ಎಡಗಿವಿ ಕೇಳುವುದಿಲ್ಲ, ಬಲಗಿವಿ ಅವರಿಗೆ ಬೇಕಾದಾಗ ಮಾತ್ರ ಕೇಳುತ್ತದೆ. ನಾನು ಅಡಿಗೆಮನೆಯಿಂದ "ಏನ್ರೀ" ಅಂತ ಕೂಗಿದರೆ ಮೊದಲು ಎದುರುಮನೆಯವರು ಓಗೊಡುತ್ತಿದ್ದರು, ಆಮೇಲೆ ಇವರು.

ಆ ವರ್ಷ ಪ್ರೆಸ್ಸಿಗೆ ಜಯಶೀಲ ಪಾಸ್ಟರ ಪುಸ್ತಕ ಬಂತು. ಮಲ್ಲೇಶ್ವರದಲ್ಲಿ ಮನೆ, ಪಾಸ್ಟರಾಗಲು ಓದುವವರಿಗೆ ದೇವಶಾಸ್ತ್ರ ಕಲಿಸಿ ನಿವೃತ್ತರಾದವರು. ದುಂಡನೆಯ ಅಕ್ಷರ, ಎಲ್ಲೂ ಕಾಟು ಹಾಕಿಲ್ಲ. ಪುಸ್ತಕದ ತುಂಬ ಒಂದೇ ಪ್ರಶ್ನೆ. ದೇವರು ಒಳ್ಳೆಯವನು, ದೇವರ ಕೈಯಲ್ಲಿ ಆಗದ್ದು ಯಾವುದೂ ಇಲ್ಲ, ಹಾಗಿದ್ದರೂ ಲೋಕದಲ್ಲಿ ಇಷ್ಟೊಂದು ಕೇಡು ಯಾಕಿದೆ? ತಡೆಯಲು ಆಗುವುದಿಲ್ಲವೋ, ತಡೆಯಲು ಮನಸ್ಸಿಲ್ಲವೋ? ಒಂದೊಂದು ಅಧ್ಯಾಯದಲ್ಲಿ ಒಂದೊಂದು ಉತ್ತರ. ನಾನು ರಾಮನವಮಿಗೆ ಪಾನಕ ಹಂಚುವ ಮನೆಯವಳು. ಆದರೆ ಪ್ರೂಫ್ ನೋಡುವವರಿಗೆ ಜ್ಯೋತಿಷ್ಯವೂ ಒಂದೇ, ಜೇನು ಸಾಕಣೆಯೂ ಒಂದೇ, ಕ್ರೈಸ್ತರ ದೇವಶಾಸ್ತ್ರವೂ ಒಂದೇ. ಮಾತು ನಿಜವೋ ಸುಳ್ಳೋ ನಮಗೆ ಬೇಡ, ಅಕ್ಷರ ಸರಿಯಿದ್ದರೆ ಆಯಿತು.

ನಾಲ್ಕನೆಯ ಅಧ್ಯಾಯ, ನೋವು ಅಂದರೆ ದೇವರ ಪಾಠಶಾಲೆ ಅನ್ನುವುದು. ಅದನ್ನು ಓದುತ್ತಿದ್ದಾಗಲೇ ನನ್ನ ದನಿ ಒಡೆದು ನಿಂತಿತು. ಕೆಮ್ಮಿದೆ, ನೀರು ಕುಡಿದೆ, ಮತ್ತೆ ಶುರು ಮಾಡಿದೆ, ಮತ್ತೆ ಒಡೆಯಿತು.

ವನಜಾ ತಲೆಯೆತ್ತಿದಳು. "ಗಿರಿಜಕ್ಕ, ತುಂಬ ದಿನದಿಂದ ನೋಡ್ತಿದೀನಿ. ಕಷಾಯ ಸಾಕು, ಡಾಕ್ಟರಿಗೆ ತೋರಿಸ್ಕೊಳ್ಳಿ."

"ಪ್ರೆಸ್ಸಿನ ಧೂಳು ಕಣೆ."

"ಧೂಳು ಕುಡಿದ್ರೆ ಕತ್ತು ಊದ್ಕೊಳತ್ತಾ?" ಅಂತ ನನ್ನ ಕತ್ತಿನ ಕಡೆ ಪೆನ್ನು ತೋರಿಸಿದಳು. ದಿನಾ ಕನ್ನಡಿಯಲ್ಲಿ ನೋಡುವ ಕತ್ತು. ಕುಂಕುಮ ಇಡುವಾಗ ಹಣೆ ಮಾತ್ರ ನೋಡಿ ಬರುತ್ತಿದ್ದೆ ಅಂತ ಕಾಣುತ್ತದೆ.

ಸ್ಕ್ಯಾನ್ ಆಯಿತು, ಕತ್ತಿಗೆ ಸೂಜಿ ಚುಚ್ಚಿ ಒಂದಿಷ್ಟು ತೆಗೆದದ್ದೂ ಆಯಿತು. ರಿಪೋರ್ಟ್ ಬಂದ ದಿನ ಡಾಕ್ಟರಮ್ಮ, ಸಣ್ಣ ವಯಸ್ಸಿನವರು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತರು. "ಥೈರಾಯ್ಡ್ ಕ್ಯಾನ್ಸರ್ ಅಮ್ಮ. ಆದ್ರೆ ಎಲ್ಲಾ ಕ್ಯಾನ್ಸರ್‌ಗಳಲ್ಲಿ ಇದು ಒಳ್ಳೇ ಕ್ಯಾನ್ಸರ್."

ನಮ್ಮ ಮನೆಯವರು ಬಲಗಿವಿ ಮುಂದೆ ಮಾಡಿಕೊಂಡು ಕೇಳಿಸಿಕೊಂಡು, ನನ್ನ ಕಡೆ ತಿರುಗಿ, "ಒಳ್ಳೇದಂತೆ ಕಣೆ" ಅಂದರು.

"ಹಾಗಾದ್ರೆ ನೀವೇ ಇಟ್ಕೊಳ್ಳಿ" ಅಂದೆ, ಇಬ್ಬರಿಗೂ ಸೇರಿಸಿ.

ಡಾಕ್ಟರಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ, ಗಂಟು ದನಿಯ ನರಕ್ಕೆ ಅಂಟಿಕೊಂಡಿದೆ, ಉಳಿಸಲು ನೋಡುತ್ತೇವೆ, ಆದರೆ ದನಿ ಎಷ್ಟು ವಾಪಸ್ ಬರುತ್ತದೆ, ಬರುತ್ತದೋ ಇಲ್ಲವೋ ಈಗಲೇ ಹೇಳಲಾಗುವುದಿಲ್ಲ ಅಂದರು. ಪ್ರಾಣಕ್ಕೇನೂ ಅಪಾಯವಿಲ್ಲ ಅಂತ ಎಷ್ಟು ಸಲ ಹೇಳಿದರೋ, ನನ್ನ ತಲೆಗೆ ಹೋಗಲಿಲ್ಲ. ದನಿ ಹೋದರೆ ಪ್ರೆಸ್ಸಿನಲ್ಲಿ ನಾನು ಯಾರು? ಮನೆಯಲ್ಲಿ ಈ ಅರೆಕಿವುಡರಿಗೆ ನಾನು ಯಾರು? ಆಟೋದಲ್ಲಿ ಮನೆಗೆ ಬರುವಾಗ ತುಂಬ ಹೆದರಿದ್ದೆ.

ಸುದ್ದಿ ತಿಳಿದದ್ದೇ ತಡ, ಕಾರಣ ಹೇಳುವವರು ಒಬ್ಬೊಬ್ಬರಾಗಿ ಬಂದರು. ಅತ್ತೆ ನನ್ನ ಪಕ್ಕ ಕೂತು, "ಯಾವ ಜನ್ಮದ ಕರ್ಮಾನೋ, ಅನುಭವಿಸಿ ತೀರಿಸ್ಬೇಕು ಕಣಮ್ಮ" ಅಂದರು. ನಾದಿನಿ ದೃಷ್ಟಿ ಅಂದಳು, ಒಣಮೆಣಸಿನಕಾಯಿ ನಿವಾಳಿಸಿ ಮನೆಯವರನ್ನೆಲ್ಲ ಕೆಮ್ಮಿಸಿದಳು. ಮಹಡಿಯ ಮನೆಯವರು ತಪ್ಪನ್ನು ಪ್ಲಾಸ್ಟಿಕ್ ಡಬ್ಬಿಯ ಮೇಲೆ ಹಾಕಿದರು. ವಾಕಿಂಗ್ ಬರುವ ಗೆಳತಿ, "ನೀವು ಮನಸ್ಸಲ್ಲಿ ಇರೋದನ್ನ ಬಾಯಿಬಿಟ್ಟು ಹೇಳಲ್ಲ, ಅದೇ ಗಂಟಾಗಿದೆ" ಅಂದಳು. ನಾನು, ಬಾಯಿಬಿಡದವಳು. ಎದುರುಮನೆಯವರನ್ನು ಕೇಳಬೇಕಿತ್ತು ಅವಳು. ಯಾರೂ ಕೆಟ್ಟವರಲ್ಲ, ಬಂದವರೆಲ್ಲ ಡಬ್ಬಿ ತುಂಬ ತಿಂಡಿ ತಂದವರೇ. ಆದರೆ ತಿಂಡಿಯ ಜೊತೆ ಒಂದೊಂದು ಕಾರಣವನ್ನೂ ತಂದಿದ್ದರು, ಅದನ್ನು ನುಂಗಲು ನನ್ನಿಂದ ಆಗುತ್ತಿರಲಿಲ್ಲ. ನಮ್ಮ ಮನೆಯವರು ಮಾತ್ರ ಕಾರಣ ಹೇಳಲಿಲ್ಲ. ಕೆಟ್ಟ ಕಾಫಿ ಮಾಡಿಕೊಟ್ಟರು.

ಗಟ್ಟಿಯಾಗಿ ಓದಲು ಆಗುತ್ತಿರಲಿಲ್ಲವಲ್ಲ, ಪಾಸ್ಟರ ಪುಸ್ತಕವನ್ನು ನಾನೊಬ್ಬಳೇ ಮನಸ್ಸಿನಲ್ಲಿ ಓದಿ ತಿದ್ದುತ್ತೇನೆಂದು ಪ್ರೆಸ್ಸಿನಿಂದ ತಂದುಕೊಂಡೆ. ಆಸ್ಪತ್ರೆಗೆ ಹೋದಾಗಲೆಲ್ಲ ಚೀಲದಲ್ಲಿ ಆ ಕಟ್ಟು. ಟೋಕನ್ ಹಿಡಿದು ಕಾಯುವುದಕ್ಕಿಂತ ಪ್ರೂಫ್ ನೋಡುವುದು ವಾಸಿ. ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದೆ. ಆದರೆ ಓದುತ್ತಾ ಓದುತ್ತಾ ಪಾಸ್ಟರ ಮೇಲೂ ಕೋಪ ಬರಲು ಶುರುವಾಯಿತು. ಇವರದ್ದೂ ಕಾರಣವೇ, ಸ್ವಲ್ಪ ಉದ್ದ, ಅಷ್ಟೇ. ಮಾತಾಡಲು ಗಂಟಲಿಲ್ಲ, ಸರಿ ಅಂತ ಪೆನ್ಸಿಲ್ ತೆಗೆದು ಮಾರ್ಜಿನ್ನಿನಲ್ಲಿ ಗೊಣಗತೊಡಗಿದೆ. ಆಮೇಲೆ ರಬ್ಬರಿನಿಂದ ಅಳಿಸಿದರಾಯಿತು ಅಂತ ಲೆಕ್ಕ. ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟನು, ಅದರ ದುರುಪಯೋಗದಿಂದ ಕೇಡು ಹುಟ್ಟಿತು ಅಂತ ಅವರು ಬರೆದ ಕಡೆ, "ನನ್ನ ಥೈರಾಯ್ಡಿಗೂ ಸ್ವಾತಂತ್ರ್ಯ ಕೊಟ್ಟಿದ್ದರೆ?" ಅಂತ ಬರೆದೆ. ನೋವು ದೇವರ ಪಾಠಶಾಲೆ ಅಂದ ಕಡೆ, "ಸೇರಿಸಿಕೊಳ್ಳಿ ಅಂತ ಕೇಳಿದವರು ಯಾರು?" ಅಂತ ಬರೆದೆ.

ಒಂದು ದಿನ ಆಸ್ಪತ್ರೆಯಲ್ಲಿ ಎದುರು ಬೆಂಚಿನಲ್ಲಿ ಒಂದು ಹೆಣ್ಣುಮಗು ಇತ್ತು. ತಲೆಗೆ ಹೂವಿನ ಟೋಪಿ, ಟೋಪಿಯ ಕೆಳಗೆ ಕೂದಲಿರಲಿಲ್ಲ. ಅಪ್ಪನ ತೊಡೆಯ ಮೇಲೆ ಕೂತು ಅವನ ಅಂಗಿಯ ಗುಂಡಿ ಬಿಚ್ಚುವುದು, ಹಾಕುವುದು ಮಾಡುತ್ತಿತ್ತು. ನನ್ನನ್ನು ನೋಡಿ ನಾಲಿಗೆ ಚಾಚಿತು. ನಾನೂ ಚಾಚಿದೆ. ಅದಕ್ಕೆ ಖುಷಿಯಾಗಿ ಮತ್ತೆ ಚಾಚಿತು. ಅಷ್ಟರಲ್ಲಿ ಹೆಸರು ಕರೆದರು, ಅಪ್ಪ ಎತ್ತಿಕೊಂಡು ಒಳಗೆ ಹೋದ. ಬಾಗಿಲು ಮುಚ್ಚಿದ ಮೇಲೆ ಒಳಗಿಂದ ಅಳು ಕೇಳಿಸಿತು. ನಾನು ಪಾಠಶಾಲೆಯ ಅಧ್ಯಾಯದ ಕೊನೆಗೆ ಹೋಗಿ ಪೆನ್ಸಿಲನ್ನು ಒತ್ತಿ ಬರೆದೆ: "ಎದುರು ಬೆಂಚಿನ ಮಗು ಯಾವ ಕ್ಲಾಸು?"

ಆಪರೇಷನ್ನಿಗೆ ಸೇರುವ ಬೆಳಿಗ್ಗೆ ಗಡಿಬಿಡಿ. ಕಟ್ಟನ್ನು ಪ್ರೆಸ್ಸಿಗೆ ಕೊಟ್ಟು ಬನ್ನಿ ಅಂತ ಇವರ ಕೈಗಿಟ್ಟೆ. ಅಳಿಸುವುದು ಮರೆತೇಹೋಯಿತು.

ಪ್ರೆಸ್ಸಿನಲ್ಲಿ ತಿದ್ದುಪಡಿಗಳನ್ನು ಕಂಪ್ಯೂಟರಿಗೆ ಹಾಕುವವನು ಮಂಜುನಾಥ, ಇಬ್ಬರು ಮಕ್ಕಳ ತಂದೆ, ಬಹಳ ಸಾಧು. ಹಿಂದೊಮ್ಮೆ ಅವನು ಮಾರ್ಜಿನ್ನಿನಲ್ಲಿದ್ದ ಒಂದು ಸಾಲು ಬಿಟ್ಟಿದ್ದಕ್ಕೆ ನಾನು ಇಡೀ ಪ್ರೆಸ್ಸಿಗೆ ಕೇಳುವ ಹಾಗೆ, "ಮಾರ್ಜಿನ್ನಲ್ಲಿ ನಾನು ಬರೆದದ್ದು ಒಂದಕ್ಷರ ಬಿಡಬೇಡ, ಯಾಕೆ ಏನು ಅಂತ ಕೇಳ್ಬೇಡ" ಅಂದಿದ್ದೆ. ಅವನು ಬಿಡಲಿಲ್ಲ, ಕೇಳಲೂ ಇಲ್ಲ. ನನ್ನ ಗೊಣಗಾಟವನ್ನೆಲ್ಲ ಪಾಸ್ಟರ ವಾಕ್ಯಗಳ ಪಕ್ಕಪಕ್ಕದಲ್ಲಿ ನೀಟಾಗಿ ಸೇರಿಸಿ, ಎರಡನೇ ಪ್ರೂಫ್ ತೆಗೆದು, ನೇರ ಮಲ್ಲೇಶ್ವರಕ್ಕೆ ಕಳಿಸಿದ.

ಇದೆಲ್ಲ ನನಗೆ ಗೊತ್ತಿಲ್ಲ. ನಾನು ಆಸ್ಪತ್ರೆಯಲ್ಲಿ ಎಚ್ಚರಾಗಿ ಬಾಯಿ ತೆರೆದಿದ್ದೆ, ಗಾಳಿ ಬಂತು, ದನಿ ಬರಲಿಲ್ಲ. ಕೈಬೆರಳುಗಳು ಜುಮುಜುಮು ಅನ್ನುತ್ತಿದ್ದವು, ಕತ್ತಿಗೆ ಪಟ್ಟಿ. ನರವನ್ನು ಕತ್ತರಿಸಿಲ್ಲ, ಆದರೆ ಅದಕ್ಕೆ ಪೆಟ್ಟು ಬಿದ್ದಿದೆ, ಕಾದು ನೋಡೋಣ ಅಂದರು. ಕಾಯುವುದು ಅಂದರೆ ಏನು ಅಂತ ಆಗ ಗೊತ್ತಾಯಿತು. ಏನಾದರೂ ಬೇಕಾದರೆ ಪಿಸುಗುಟ್ಟಬೇಕು, ಪಿಸುಮಾತು ಇವರಿಗೆ ಕೇಳುವುದಿಲ್ಲ. ಹಾಗಾಗಿ ಇವರು ಸ್ಟೂಲನ್ನು ಮಂಚಕ್ಕೆ ತಾಗಿಸಿ, ಬಲಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದು, ಒಂದು ಕೈಯನ್ನು ಕಿವಿಯ ಹಿಂದೆ ಹಿಡಿದು ಕೂರುತ್ತಿದ್ದರು. ಮದುವೆಯಾದ ಹೊಸದರಲ್ಲೂ ನಾವು ಇಷ್ಟು ಹತ್ತಿರ ಕೂತವರಲ್ಲ. ನಿಜ ಹೇಳುತ್ತೇನೆ, ಅದು ನನಗೆ ಇಷ್ಟವಾಯಿತು.

ಮನೆಗೆ ಬಂದ ಮೇಲೆ ಒಂದು ಮಂಗಳವಾರ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಬಿಳಿ ಶರ್ಟು, ಬಗಲಲ್ಲಿ ಪ್ರೂಫಿನ ಕಟ್ಟು. "ಗಿರಿಜಮ್ಮನೋರು ನೀವೇನಾ? ನಾನು ಜಯಶೀಲ. ಪ್ರೆಸ್ಸಲ್ಲಿ ವಿಳಾಸ ಕೊಟ್ರು, ಮೆಟ್ರೋದಲ್ಲಿ ಬಂದ್ಬಿಟ್ಟೆ."

ಕೂತು, ಕಟ್ಟು ಬಿಚ್ಚಿದರು. "ನನ್ನ ಪುಸ್ತಕದಲ್ಲಿ ಯಾರೋ ನನ್ನ ಜೊತೆ ಜಗಳ ಆಡ್ತಿದಾರೆ. ಮೊದ್ಲು ಹೆದರ್ಕೊಂಡೆ. ವಯಸ್ಸಾಯ್ತಲ್ಲ, ನಾನೇ ಬರೆದು ಮರೆತಿದೀನೇನೋ ಅಂತ."

ಹಾಳೆ ನೋಡಿದೆ. ನನ್ನ ಥೈರಾಯ್ಡು ಅಚ್ಚಿನಲ್ಲಿ ಮಿರಮಿರ ಮಿಂಚುತ್ತಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕ್ಷಮಿಸಿ ಅಂತ ಪಿಸುಗುಟ್ಟಿ, ಕೆಂಪು ಪೆನ್ನು ತೆಗೆದು ನನ್ನ ಸಾಲುಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದೆ.

ಅತ್ತೆ ಕಾಫಿ ತಂದಿಟ್ಟರು, ಒಳಗೆ ಹೋಗಲಿಲ್ಲ. "ಅಲ್ಲ ಸ್ವಾಮಿ, ನಿಮ್ಮಲ್ಲಿ ಪೂರ್ವಜನ್ಮ ಇಲ್ವಂತಲ್ಲ. ಮತ್ತೆ ಇಂಥದ್ದನ್ನೆಲ್ಲ ಯಾರ ತಲೆಗೆ ಕಟ್ತೀರಿ?"

"ಅದೇ ತೊಂದ್ರೆ ನೋಡಿ ಅಮ್ಮ" ಅಂದರು ಪಾಸ್ಟರು. "ಅದಕ್ಕೇ ಇಡೀ ಪುಸ್ತಕ ಬರೀಬೇಕಾಯ್ತು."

ಅತ್ತೆಗೆ ಆ ಉತ್ತರ ಬಹಳ ಹಿಡಿಸಿತು. ಅಲ್ಲಿಂದ ಮುಂದೆ ಅವರು ಬಂದಾಗಲೆಲ್ಲ ಕಾಫಿಯ ಜೊತೆ ಕೋಡುಬಳೆಯೂ ಬರತೊಡಗಿತು.

ಪಾಸ್ಟರು ಹೊರಡುವಾಗ, ಈ ಪುಸ್ತಕವನ್ನು ನಮ್ಮ ಪ್ರೆಸ್ಸಿನ ಪದ್ಧತಿಯಂತೆ ಇನ್ನೊಮ್ಮೆ ಇಬ್ಬರು ಕೂತು ನೋಡಬೇಕು, ನಿಮಗೆ ಓದಲು ಆಗದಿದ್ದರೆ ನಾನು ಓದುತ್ತೇನೆ, ನೀವು ತಿದ್ದಿ ಅಂದರು. ಹೀಗೆ ನನ್ನ ಕೆಲಸ ಅವರಿಗೆ ಹೋಯಿತು, ವನಜಾಳ ಕೆಲಸ ನನಗೆ ಬಂತು. ಮಂಗಳವಾರ ಮಂಗಳವಾರ ಬರುತ್ತಿದ್ದರು. ತಮ್ಮದೇ ಪುಸ್ತಕ ಅಂತ ಚರ್ಚಿನಲ್ಲಿ ಪ್ರಸಂಗ ಮಾಡುವ ಧಾಟಿಯಲ್ಲಿ ಓದಿಕೊಂಡು ಹೋಗಿಬಿಡುತ್ತಿದ್ದರು, ಕಾಮಾ ಹೇಳುತ್ತಿರಲಿಲ್ಲ. ನಾನು ಪೆನ್ನಿನಿಂದ ಮೇಜು ಕುಟ್ಟಿದರೆ "ಹಾಂ, ಕಾಮಾ" ಅಂತ ಹಿಂದೆ ಹೋಗುತ್ತಿದ್ದರು. ನಾನು ಹೊಡೆದುಹಾಕಿದ ಸಾಲುಗಳು ಬಂದರೆ ಅವನ್ನೂ ಬಿಡದೆ ಓದಿ, ನನ್ನ ಜೊತೆ ವಾದಕ್ಕೆ ನಿಲ್ಲುತ್ತಿದ್ದರು. ಥೈರಾಯ್ಡಿನ ಸಾಲಿಗೆ ಜೋರಾಗಿ ನಕ್ಕು, "ಇದಕ್ಕೆ ಐದನೇ ಅಧ್ಯಾಯದಲ್ಲಿ ಉತ್ತರ ಇದೆ, ನೀವು ಅಲ್ಲೀವರೆಗೂ ಕಾಯದೆ ಬರೆದಿದೀರಿ" ಅಂದರು. ಐದನೆಯದನ್ನು ಓದಿ ನೋಡಿದೆ, ಪೂರ್ತಿ ಒಪ್ಪಲಿಲ್ಲ, ಆದರೆ ಆ ಸಾಲು ಹೋಗಲಿ ಅಂತ ಕೈ ಬೀಸಿದೆ.

ಪಾಠಶಾಲೆಯ ಅಧ್ಯಾಯ ಬಂದ ದಿನ ಅರ್ಧ ಪುಟ ಓದಿ ನಿಂತರು. ಕಾಮಾ ಇರಲಿಲ್ಲ, ಸ್ಟಾಪೂ ಇರಲಿಲ್ಲ. ನಾನು ಮೇಜು ಕುಟ್ಟಿದೆ. ಅವರು ಹಾಳೆ ಕೆಳಗಿಟ್ಟರು.

"ಈ ಪಾಠ ಎಷ್ಟೋ ವರ್ಷ ಮಾಡಿದೀನಿ ಗಿರಿಜಮ್ಮ. ಹುಡುಗ್ರು ತಲೆ ತಗ್ಗಿಸಿ ಬರ್ಕೊಳ್ತಿದ್ರು. ಕತ್ತಿಗೆ ಪಟ್ಟಿ ಹಾಕ್ಕೊಂಡು ಕೂತೋರ ಮುಖ ನೋಡ್ಕೊಂಡು ಓದಿದ್ದು ಇದೇ ಮೊದ್ಲು." ಅಧ್ಯಾಯದ ಕೊನೆಯ ಹಾಳೆ ತೆಗೆದು ನನ್ನ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು, "ಆ ಮಗು ಏನಾಯ್ತು?"

ಗೊತ್ತಿಲ್ಲ ಅಂತ ತಲೆಯಾಡಿಸಿದೆ. ಆಮೇಲೆ ಎಷ್ಟು ಸಲ ಆಸ್ಪತ್ರೆಗೆ ಹೋದರೂ ಆ ಟೋಪಿಯನ್ನು ಹುಡುಕುತ್ತಿದ್ದೆ, ಕಾಣಲಿಲ್ಲ. ಇವತ್ತಿಗೂ ಗೊತ್ತಿಲ್ಲ.

"ನಾನು ಬರೆದದ್ದು ಸುಳ್ಳು ಅಂತ ಹೇಳಲ್ಲ" ಅಂದರು. "ನೋವು ನಂಗೆ ಕಲಿಸಿದೆ, ನಿಜವಾಗ್ಲೂ ಕಲಿಸಿದೆ. ಆದ್ರೆ ಅದು ನನ್ನ ಬಗ್ಗೆ ನಾನು ಹೇಳ್ಕೋಬಹುದಾದ ಮಾತು. ಆ ಮಗೂಗೆ ಹೇಳೋ ಮಾತಲ್ಲ."

ನಮ್ಮ ಕೆಲಸದಲ್ಲಿ ಒಂದು ಗುರುತಿದೆ. ತಪ್ಪಿ ಹೊಡೆದುಹಾಕಿದ್ದು ಉಳಿಯಬೇಕಾದರೆ ಅದರ ಕೆಳಗೆ ಚುಕ್ಕಿ ಚುಕ್ಕಿ ಇಟ್ಟು, ಮಾರ್ಜಿನ್ನಿನಲ್ಲಿ "ಇರಲಿ" ಅಂತ ಬರೆಯಬೇಕು. ಅದನ್ನು ಅವರಿಗೆ ಮೊದಲ ವಾರವೇ ತೋರಿಸಿಕೊಟ್ಟಿದ್ದೆ. ಪಾಸ್ಟರು ನನ್ನ ಕೈಯಿಂದ ಕೆಂಪು ಪೆನ್ನು ತೆಗೆದುಕೊಂಡು, ಮಗುವಿನ ಸಾಲಿನ ಕೆಳಗೆ ಒಂದೊಂದೇ ಚುಕ್ಕಿ ಇಟ್ಟರು. ಪಕ್ಕದಲ್ಲಿ ದುಂಡಗೆ "ಇರಲಿ" ಅಂತ ಬರೆದರು.

"ಸರ್, ಬೇಡ, ಅದು ನಿಮ್ಮ ಮಾತಲ್ಲ" ಅಂತ ಪಿಸುಗುಟ್ಟಿದೆ.

"ಪುಸ್ತಕ ನಂದು. ಇರಲಿ."

ಅದರ ಕೆಳಗೆ ಉತ್ತರವಾಗಿ ಒಂದು ಪ್ಯಾರಾ ಬರೆದು ತಂದರು ಮುಂದಿನ ವಾರ. ಅದರ ಮುಂದಿನ ವಾರ ಅದನ್ನು ತಾವೇ ಹೊಡೆದುಹಾಕಿದರು. ಅದಕ್ಕೆ ಚುಕ್ಕಿ ಇಡಲಿಲ್ಲ.

ಕೊನೆಯ ಅಧ್ಯಾಯದಲ್ಲಿ ಅವರು, ದೇವರು ಕಾರಣ ಹೇಳುವುದಿಲ್ಲ, ತಾನೇ ಶಿಲುಬೆಯ ನೋವಿಗೆ ಇಳಿದು ಬಂದು ನೋಯುವವರ ಪಕ್ಕದಲ್ಲಿ ಕೂರುತ್ತಾನೆ ಅಂತ ಬರೆದಿದ್ದರು. ಅಲ್ಲಿ ಮಾರ್ಜಿನ್ ಖಾಲಿ. "ಇಲ್ಲಿ ಯಾಕೆ ಜಗಳ ಇಲ್ಲ?" ಅಂತ ಕೇಳಿದರು. ಪೆನ್ಸಿಲ್ ಮೊಂಡಾಗಿತ್ತು ಅಂದೆ. ಅವರು ನಂಬಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ.

ಆ ದಿನಗಳಲ್ಲೇ ನನಗೆ ಪಥ್ಯ ಶುರುವಾಗಿತ್ತು. ಉಳಿದ ಚೂರುಪಾರು ಕಾಯಿಲೆಗೆ ವಿಕಿರಣದ ಔಷಧಿ ಕೊಡುವ ಮೊದಲು ಅಯೋಡಿನ್ ಇರುವ ಉಪ್ಪು ಬಿಡಬೇಕು, ಹಾಲು ಮೊಸರು ಬಿಡಬೇಕು. ಇವರು ಅಯೋಡಿನ್ ಹಾಕದ ಉಪ್ಪನ್ನು ಎಲ್ಲೆಲ್ಲೋ ಅಲೆದು ತಂದರು. ಮೊಸರನ್ನ ಇಲ್ಲದೆ ಊಟದಿಂದ ಏಳುವುದು ನನಗೆ ಕ್ಯಾನ್ಸರಿಗಿಂತ ಕಷ್ಟವಾಯಿತು. ಒಂದು ದಿನ ನೋಡುತ್ತೇನೆ, ಅತ್ತೆಯೂ ಸಾರನ್ನದಿಂದಲೇ ಏಳುತ್ತಿದ್ದಾರೆ. ಯಾಕೆ ಅಂತ ಕೈಸನ್ನೆಯಲ್ಲಿ ಕೇಳಿದೆ. "ಹಲ್ಲು ಜುಮ್ ಅನ್ನತ್ತೆ ಕಣೇ, ತಣ್ಣಂದು ಆಗಲ್ಲ" ಅಂದರು. ಅವರಿಗೆ ಬಾಯಲ್ಲಿ ಹಲ್ಲಿದ್ದರೆ ತಾನೆ. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಔಷಧಿ ಕೊಟ್ಟ ಮೇಲೆ ಒಂಟಿ ಕೋಣೆಯಲ್ಲಿ ಕೆಲವು ದಿನ ಇಟ್ಟರು. ನನ್ನ ಮೈಯಿಂದ ವಿಕಿರಣ ತಾಗುತ್ತದೆಂದು ಯಾರೂ ಒಳಗೆ ಬರುವಂತಿಲ್ಲ, ಊಟ ಬಾಗಿಲ ಹೊರಗೆ. ತಂದ ಪುಸ್ತಕ ವಾಪಸ್ ಒಯ್ಯುವಂತಿಲ್ಲ ಅಂದರು, ಹಾಗಾಗಿ ಏನೂ ತಂದಿರಲಿಲ್ಲ. ಗೋಡೆಯ ಮೇಲೆ ರೋಗಿಗಳಿಗೆ ಸೂಚನೆಗಳು ಅಂತ ಒಂದು ಹಾಳೆ ಇತ್ತು, ಅದರಲ್ಲಿ ತಪ್ಪುಗಳೂ ಇದ್ದವು. ಅಭ್ಯಾಸಬಲ, ಬಾಯಿ ಬಿಟ್ಟು ಓದತೊಡಗಿದೆ. ಮೊದಲು ಗಾಳಿ. ಮತ್ತೆ ಮತ್ತೆ ಓದಿದೆ, ದಿನವಿಡೀ ಓದಿದೆ, ಬೇರೆ ಕೆಲಸವೇನಿತ್ತು. "ರೋಗಿಗಳು ಹೆಚ್ಚು ನೀರು ಕುಡಿಯಬೇಕು, ಕಾಮಾ" ಅಂದಾಗ "ಕಾಮಾ" ಅನ್ನುವುದು ದಪ್ಪಗೆ, ಗೊಗ್ಗರಾಗಿ, ಯಾವುದೋ ಗಂಡಸು ಪಕ್ಕದಲ್ಲಿ ನಿಂತು ಹೇಳಿದ ಹಾಗೆ ಹೊರಗೆ ಬಂತು. ಹೆದರಿ ಹಿಂದೆ ತಿರುಗಿ ನೋಡಿದೆ. ಯಾರೂ ಇಲ್ಲ, ನಾನೇ. ಅಲ್ಲಿಂದ ಸ್ಪೀಚ್ ಥೆರಪಿಯ ಮೇಡಂ ಕೈಗೆ ಸಿಕ್ಕಿ ಅದನ್ನು ದಿನಾ ಸ್ವಲ್ಪ ಸ್ವಲ್ಪ ಎಳೆದೆ. ಹಳೇ ದನಿ ಬರಲಿಲ್ಲ. ಹೊಸದು ಕೋಣೆ ದಾಟಲು ಬಹಳ ಕಾಲ ಹಿಡಿಯಿತು. ಮನೆಯಲ್ಲಿ ಇವರ ಕೈ ಮಾತ್ರ ಕಿವಿಯ ಹಿಂದೆಯೇ ಇತ್ತು.

ಪುಸ್ತಕದ ಬಿಡುಗಡೆ ಚಾಮರಾಜಪೇಟೆಯ ಒಂದು ಚರ್ಚಿನ ಹಾಲ್‌ನಲ್ಲಿ. ಅತ್ತೆ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತರು. ವನಜಾ, ಮಂಜುನಾಥ ಬಂದಿದ್ದರು. ಇವರು ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಾ ಹಿಂದೆ ಉಳಿದರು. ಪಾಸ್ಟರು ಮೊದಲೇ ಹೇಳದೆ ಮೈಕಿನಲ್ಲಿ, "ಈ ಪುಸ್ತಕದ ಒಂದು ಪುಟವನ್ನ ಗಿರಿಜಮ್ಮನೋರು ಓದ್ತಾರೆ" ಅಂದುಬಿಟ್ಟರು. ವೇದಿಕೆ ಹತ್ತಿದೆ. ಮೈಕು ಕೀಂ ಅಂತ ಕಿರುಚಿತು, ಯಾರೋ ಬಂದು ತಿರುಗಿಸಿದರು, ಮತ್ತೆ ಕಿರುಚಿತು, ಕೊನೆಗೆ ಆಫ್ ಮಾಡಿ ಹೋದರು. ಹಾಲ್ ದೊಡ್ಡದಿತ್ತು. ಕೊನೆಯಲ್ಲಿ, ಬಾಗಿಲ ಹತ್ತಿರ, ಆಗಷ್ಟೇ ಬಂದ ನಮ್ಮ ಮನೆಯವರು ನಿಂತಿದ್ದರು. ಬಲಗಿವಿಯನ್ನು ವೇದಿಕೆಯ ಕಡೆ ತಿರುಗಿಸಿ, ಕಿವಿಯ ಹಿಂದೆ ಕೈ ಹಿಡಿದಿದ್ದರು.

ಪಾಠಶಾಲೆಯ ಅಧ್ಯಾಯದ ಕೊನೆಯ ಪುಟ. ಓದಿದೆ. ಗೊಗ್ಗರು ದನಿ, ನಡುನಡುವೆ ಒಡೆಯುವ ದನಿ. ಗಾಬರಿಯಲ್ಲಿ ಕಾಮಾ, ಸ್ಟಾಪ್ ಎಲ್ಲ ಹೇಳಿಕೊಂಡೇ ಹೋದೆ, ಅಲ್ಲಲ್ಲಿ ಜನ ಕಿಸಕ್ಕನೆ ನಕ್ಕರು, ವನಜಾ ತಲೆ ತಗ್ಗಿಸಿದಳು. ಆಮೇಲೆ ಕೊನೆಯ ಸಾಲು ಬಂತು.

"ಎದುರು ಬೆಂಚಿನ ಮಗು ಯಾವ ಕ್ಲಾಸು, ಪ್ರಶ್ನೆ."

ಈ ಸಲ ಯಾರೂ ನಗಲಿಲ್ಲ. ಅದರ ಕೆಳಗೆ ಓದಲು ಏನೂ ಇರಲಿಲ್ಲ, ಪುಟ ಖಾಲಿ ಇತ್ತು. ನಾನು ತಲೆಯೆತ್ತಿ ನೋಡಿದೆ. ಬಾಗಿಲ ಹತ್ತಿರ ನಮ್ಮ ಮನೆಯವರು ಕಿವಿಯ ಹಿಂದಿದ್ದ ಕೈಯನ್ನು ಇಳಿಸಿದ್ದರು. ಅವರಿಗೆ ಕೇಳಿಸಿತ್ತು.